ಹಿರಿಯರ ಹೊಲ, ಹಿರಿಯರ ಹೆಸರು
(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣ)



ಬೆಳ್ಳಿಹಬ್ಬದ ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತು ಆಡಬೇಕೆಂದು ಸಂಘದವರು ಕೇಳಿಕೊಂಡರು. ಸಾಲ, ವಸೂಲಿ, ಲಾಭ, ಹಾನಿ ಇವೆಲ್ಲ ವರದಿಯಲ್ಲಿ ಹೇಗೂ ಬರುತ್ತವೆ. ಆದ್ದರಿಂದ ನಾವು ನೂರು ವರ್ಷದ ಹಿಂದಿನ ಒಂದು ಲೆಕ್ಕ ಹೇಳಬೇಕೆಂದು ಬಂದಿದ್ದೇವೆ. ಲೆಕ್ಕ ನಮ್ಮ ಮನೆತನದ್ದು. ಆದರೆ ಕೇಳುತ್ತ ಹೋದಂತೆ ನಿಮ್ಮ ನಿಮ್ಮ ಮನೆಯದೂ ಅನಿಸೀತು.

ನಮ್ಮ ಮುತ್ತಜ್ಜನ ಬಗ್ಗೆ ಊರಲ್ಲಿ ಒಂದೇ ಮಾತು ಉಳಿದಿತ್ತು. "ಅವರ ಹಿರ್ಯಾ ಎಂಟ ಎಕರೆ ಎರಿ ಹೊಲಾ ಇಸ್ಪೀಟಿನ್ಯಾಗ ಕಳದಾ" ಅಂತ. ಹೆಣ್ಣು ನೋಡುವಾಗ, ಬದುವಿನ ಜಗಳ ಬಂದಾಗ ಈ ಮಾತು ಏಳುತ್ತಿತ್ತು. ನಮ್ಮ ತಂದೆಯವರು ಇದಕ್ಕೆ ಉತ್ತರ ಕೊಡದೆಯೇ ತೀರಿಕೊಂಡರು. ಕಾಗದ ಏನು ಹೇಳುತ್ತದೆ ನೋಡಿಯೇ ಬಿಡೋಣ ಎಂದು ನಾವು ಅಣ್ಣತಮ್ಮಂದಿರು ಹೊರಟೆವು.

ಮೊದಲು ಹಿಡಿಯಬೇಕಾದ ಎಳೆ ಸರ್ವೆ ನಂಬರು. ನಮ್ಮ ಸೀಮೆ ಆಗ ಮುಂಬಯಿ ಇಲಾಖೆಗೆ ಸೇರಿತ್ತು. ಗೋಲ್ಡ್‌ಸ್ಮಿಡ್, ವಿಂಗೇಟ್ ಎಂಬ ಸಾಹೇಬರು 1836ರಲ್ಲಿ ಪುಣೆ ಕಡೆಯ ಇಂದಾಪುರದಲ್ಲಿ ಆರಂಭಿಸಿದ ಮೋಜಣಿ ಆಮೇಲೆ ಧಾರವಾಡ ಸೀಮೆಗೂ ಬಂತು. ಪ್ರತಿ ಹೊಲಕ್ಕೆ ಒಂದು ನಂಬರು, ಎಕರೆ-ಗುಂಟೆಯ ಅಳತೆ, ಮಣ್ಣು ನೋಡಿ ಆಣೆ ಲೆಕ್ಕ, ಮೂವತ್ತು ವರ್ಷಕ್ಕೆ ಗೊತ್ತುಮಾಡಿದ ಆಕಾರ. ಹೊಲ ಮಾರಿದರೂ, ಮಾಲೀಕ ಸತ್ತರೂ ನಂಬರು ಸಾಯುವುದಿಲ್ಲ. ಹಿಸ್ಸೆಯಾಗಿ ಒಡೆದಿರಬಹುದು, ಬದಲಾಗಿರಲೂಬಹುದು. ಆದರೆ ಹುಡುಕಿದರೆ ಜಾಡು ಸಿಗುತ್ತದೆ.

ಆದರೆ ಆ ಮೋಜಣಿಯ ಪುಸ್ತಕಗಳು ಮುಖ್ಯವಾಗಿ ಸರಕಾರಕ್ಕೆ ಆಕಾರ ಕಟ್ಟುವವರು ಯಾರು ಎಂಬುದನ್ನು ಹೇಳುತ್ತವೆ. ಖರೀದಿ, ಗಹಾಣ, ವಾರಸಾ, ಕೋರ್ಟಿನ ಹುಕುಂ ಇವನ್ನು ಕ್ರಮವಾಗಿ ಬರೆದಿಡುವ ಪದ್ಧತಿ 1903ರ ಹಕ್ಕುದಾಖಲೆ ಕಾಯ್ದೆಯಿಂದ ಬಂತು. ಈಗ ನಾವು ತೆಗೆಸುವ ಕಂಪ್ಯೂಟರ್ ಪಹಣಿ 2000ದ ಸುಮಾರಿಗೆ 'ಭೂಮಿ' ಯೋಜನೆಯಲ್ಲಿ ಬಂದದ್ದು. ಅದಕ್ಕೂ ಹಿಂದಿನದು ಬೇಕಾದರೆ ತಾಲೂಕಿನ ದಾಖಲೆ ಕೋಣೆಗೆ ಅರ್ಜಿ ಕೊಟ್ಟು, ಕೈಬರಹದ ಉತಾರ ಮತ್ತು ಹಕ್ಕು ಬದಲಾವಣೆಯ ನಮೂದು ಕೇಳಬೇಕು.

ನಮಗೆ ಸಿಕ್ಕ ನಮೂದು ಒಂದೇ ಸಾಲು. ಎಂಟು ಎಕರೆ ಹನ್ನೆರಡು ಗುಂಟೆ, ಕೋರ್ಟ ಲಿಲಾವಿನಲ್ಲಿ ಖರೀದಿ, 1920, ದರಖಾಸ್ತು ನಂಬರು ಇಂತಿಷ್ಟು. ಆ ನಂಬರೇ ಕೀಲಿಕೈ ಆಯಿತು. ಹಳೇ ದಾವೆಗಳ ಎಲ್ಲ ಕಾಗದವನ್ನೂ ಕೋರ್ಟಿನಲ್ಲಿ ಇಟ್ಟಿರುವುದಿಲ್ಲ. ದಾವೆಯ ರಿಜಿಸ್ಟರು, ಫೈಸಲೆ, ಡಿಕ್ರಿ ಇವು ಸಿಗುವ ಸಂಭವ ಹೆಚ್ಚು. ನಾಲ್ಕು ಸಲ ತಿರುಗಾಡಿದ ಮೇಲೆ ಫೈಸಲೆಯ ನಕಲು ಕೈಗೆ ಬಂತು.

ಅದರಲ್ಲಿ ಇಸ್ಪೀಟಿನ ಮಾತೇ ಇಲ್ಲ. 1910ರಲ್ಲಿ ಪಕ್ಕದ ಹೊಲದವರೊಬ್ಬರು ಎತ್ತಿಗೂ ಬೀಜಕ್ಕೂ ಸಾವಕಾರರಿಂದ 150 ರೂಪಾಯಿ ತೆಗೆದಿದ್ದರು. ಬಡ್ಡಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ. ಆ ಸಾಲಕ್ಕೆ ಜಾಮೀನು ನಿಂತವನು ನಮ್ಮ ಮುತ್ತಜ್ಜ. ಬರೀ ಮಾತಿನ ಜಾಮೀನಲ್ಲ. ತನ್ನ ಎರೆ ಹೊಲ ಗಹಾಣ ಬರೆದು ಹೆಬ್ಬೆಟ್ಟು ಒತ್ತಿದ್ದ. ಸಾಲ ತೆಗೆದವರು ಊರು ಬಿಟ್ಟು ಹೋದರು. ನಾಲ್ಕೂವರೆ ವರ್ಷಕ್ಕೆ ಬಡ್ಡಿ 162 ಆಗಿ, 312 ರೂಪಾಯಿಗೆ ದಾವೆ ಬಂತು.

ಇಲ್ಲಿ ಎರಡು ಕಾನೂನಿನ ಮಾತು ಹೇಳಬೇಕು. 1875ರಲ್ಲಿ ಪುಣೆ, ಅಹಮದನಗರ ಜಿಲ್ಲೆಗಳಲ್ಲಿ ರೈತರು ಸಾವಕಾರರ ಮನೆಗೆ ನುಗ್ಗಿ ಸಾಲದ ಪತ್ರ ಸುಟ್ಟ ದಂಗೆ ಆಯಿತು. ಅದರ ಫಲವಾಗಿ 1879ರಲ್ಲಿ ದಖ್ಖನ್ ರೈತರ ಪರಿಹಾರ ಕಾಯ್ದೆ ಬಂತು. ಮುಂದೆ ನಮ್ಮ ಕಡೆಗೂ ಅನ್ವಯವಾಯಿತು. ಅದರ ಪ್ರಕಾರ ನ್ಯಾಯಾಧೀಶರು ಪತ್ರದ ಹಿಂದಿನ ಲೆಕ್ಕ ಬಿಚ್ಚಿ ನೋಡಬಹುದಿತ್ತು, ಕಂತು ಹಾಕಿಕೊಡಬಹುದಿತ್ತು. ಆ ಸಾಲಕ್ಕೆಂದೇ ಗಹಾಣ ಬರೆಯದ ರೈತನ ಜಮೀನನ್ನು ಲಿಲಾವು ಮಾಡುವಂತಿರಲಿಲ್ಲ. ಇನ್ನೊಂದು, ದಾಮದುಪ್ಪಟ್ಟು ಎಂಬ ಹಳೇ ನಿಯಮ: ಬಡ್ಡಿ ಅಸಲನ್ನು ಮೀರಬಾರದು. ಹಾಗಾಗಿ 312ರ ಬದಲು 300ಕ್ಕೆ ಡಿಕ್ರಿ ಆಯಿತು. ವರ್ಷಕ್ಕೆ 60ರಂತೆ ಐದು ಕಂತು.

ಮುತ್ತಜ್ಜ 1916, 1917, 1918ರಲ್ಲಿ ಮೂರು ಕಂತು ತುಂಬಿದ. ದರಖಾಸ್ತಿನಲ್ಲಿ ಮೂರೂ ಜಮೆ ಇವೆ. ತಾನು ಒಂದು ಕಾಸೂ ಮುಟ್ಟದ ಸಾಲಕ್ಕೆ 180 ರೂಪಾಯಿ. 1918ರಲ್ಲಿ ಮಳೆ ಕೈಕೊಟ್ಟಿತು, ಅದೇ ವರ್ಷ ಇನ್‌ಫ್ಲುಯೆಂಜಾ ಬೇನೆ ಮನೆಮನೆ ಹೊಕ್ಕಿತು. ನಾಲ್ಕನೇ ಕಂತು ತಪ್ಪಿತು. ಗಹಾಣ ಬರೆದ ಹೊಲ, ಕಾಯ್ದೆಯೂ ಕಾಯಲಿಲ್ಲ. ಉಳಿದ 120 ರೂಪಾಯಿ ಮತ್ತು ಖರ್ಚಿನ ಸಲುವಾಗಿ ಎಂಟು ಎಕರೆ ಹೋಯಿತು.

ಅವನು ಇಸ್ಪೀಟು ಆಡಿಯೇ ಇರಲಿಲ್ಲ ಅಂತ ಕೋರ್ಟಿನ ಕಾಗದ ಹೇಳುವುದಿಲ್ಲ. ಹೊಲ ಇಸ್ಪೀಟಿನಿಂದ ಹೋಗಲಿಲ್ಲ ಅಂತ ಹೇಳುತ್ತದೆ, ಅಷ್ಟೆ. ನಮಗೆ ಅಷ್ಟು ಸಾಕು.

ಬಂಧುಗಳೆ, ಕಾಗದ ಹುಡುಕುವವರು ಸಿಹಿ ಮಾತ್ರ ಬೇಕು ಅನ್ನುವಂತಿಲ್ಲ. ಅದೇ ಕೋಣೆಯ ಹಳೇ ಖಾತೆ ಪುಸ್ತಕದಲ್ಲಿ ಮುತ್ತಜ್ಜನ ತಂದೆಯ ಹೆಸರೂ ಸಿಕ್ಕಿತು. ಧಾತು ಬರ ಎಂದು ನಮ್ಮ ಹಿರಿಯರು ಹೇಳುತ್ತಿದ್ದ 1876-78ರ ಕ್ಷಾಮದಲ್ಲಿ ಒಬ್ಬ ವಿಧವೆ ಆಕಾರ ತುಂಬಲಾರದೆ ನಾಲ್ಕು ಎಕರೆಗೆ ರಾಜೀನಾಮೆ ಕೊಟ್ಟಳು. ಕಬೂಲಾಯತಿ ಬರೆದುಕೊಟ್ಟು ಆ ಹೊಲ ಹಿಡಿದವರು ನಮ್ಮವರೇ. ಹೋದ ಹೊಲದ ಕತೆ ಮೂರು ತಲೆಮಾರು ನೆನಪಿತ್ತು. ಬಂದ ಹೊಲದ ಕತೆ ಯಾರೂ ಹೇಳಿರಲಿಲ್ಲ. ಇದನ್ನೂ ಈ ವೇದಿಕೆಯಿಂದಲೇ ಹೇಳಿದರೆ ನ್ಯಾಯ.

ನೀವೂ ಹುಡುಕಬೇಕೆಂದರೆ ಕೆಲವು ಸೂಚನೆ. ಮನೆಯ ಹಿರಿಯರು ಬರ, ಬೇನೆ, ಸಂವತ್ಸರದ ಹೆಸರು ಹೇಳಿದರೆ ಬರೆದುಕೊಳ್ಳಿ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ, ಹಾಗಾಗಿ ಬೇರೆ ಗುರುತೂ ಕೇಳಿ. ಕಾಗದದಲ್ಲಿ ಫಸಲಿ ವರ್ಷ ಇದ್ದರೆ 590 ಕೂಡಿಸಿದರೆ ಇಸವಿ ಸಿಗುತ್ತದೆ. 'ಬಿನ್' ಅಂದರೆ ತಂದೆಯ ಹೆಸರು ಮುಂದೆ ಬರುತ್ತದೆ, 'ಕೋಂ' ಅಂದರೆ ಗಂಡನ ಹೆಸರು. 'ಅಪಾಕ' ಎಂದಿದ್ದರೆ ವಯಸ್ಸಿಗೆ ಬಾರದ ಮಗುವಿನ ಪಾಲಕರು. ನಮ್ಮ ಮುತ್ತಜ್ಜಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ, ಈ ಮೂರಕ್ಷರದ ಮುಂದೆಯೇ ಅದು ಸಿಕ್ಕಿತು. ನೋಂದಣಿ ಕಚೇರಿಯಲ್ಲಿ ಎರಡು ಸೂಚಿ ಇರುತ್ತವೆ, ಒಂದು ಜನರ ಹೆಸರಿನದು, ಇನ್ನೊಂದು ಆಸ್ತಿಯದು. ಫೀ ತುಂಬಿ ಯಾರು ಬೇಕಾದರೂ ನೋಡಬಹುದು. ಕಾಗದ ಮೋಡಿ ಲಿಪಿಯಲ್ಲಿದ್ದರೆ ಬಲ್ಲವರಿಂದ ಓದಿಸಿ, ಊಹೆ ಮಾಡಬೇಡಿ.

ಇದನ್ನು ಸಂಘದ ಹಬ್ಬದಲ್ಲಿ ಯಾಕೆ ಹೇಳಿದೆವು? 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಬಂತು. 1905ರಲ್ಲಿ ನಮ್ಮದೇ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರ ಮುಂದಾಳುತನದಲ್ಲಿ ಸಂಘ ಹುಟ್ಟಿತು. ಆಗಿನ ಹಳ್ಳಿಯ ಸಂಘಗಳಲ್ಲಿ ಹೊಣೆಗೆ ಮಿತಿ ಇರಲಿಲ್ಲ, ಒಬ್ಬನ ಸಾಲಕ್ಕೆ ಎಲ್ಲ ಸದಸ್ಯರೂ ಜವಾಬುದಾರರು. ಅಂದರೆ ನಮ್ಮ ಮುತ್ತಜ್ಜ ಒಬ್ಬನೇ ಹೊತ್ತ ಭಾರವನ್ನು ಅಲ್ಲಿ ಇಡೀ ಊರು ಹೊತ್ತಿತ್ತು. ಅವನ ಊರಲ್ಲಿ ಆಗ ಸಂಘ ಇರಲಿಲ್ಲ. ಇವತ್ತು ಇದೆ. ಆದರೆ ಇವತ್ತಿಗೂ ನಮ್ಮ ಸಾಲದ ಅರ್ಜಿಯ ಕೆಳಗೆ ಜಾಮೀನುದಾರರ ಸಹಿ ಇರುತ್ತದೆ. ಸಾಲ ತೆಗೆದವರು ಕಂತು ತಪ್ಪಿಸುವ ಮೊದಲು ಆ ಸಹಿಯನ್ನು ಒಮ್ಮೆ ನೋಡಬೇಕು.

ಕೊನೆಯದಾಗಿ ಆಡಳಿತ ಮಂಡಳಿಗೆ ಒಂದು ವಿನಂತಿ. ಇಪ್ಪತ್ತೈದು ವರ್ಷದ ಸದಸ್ಯರ ರಿಜಿಸ್ಟರು, ಠರಾವು ಪುಸ್ತಕ, ಸಾಲದ ಖಾತೆ ಇವನ್ನು ರದ್ದಿಗೆ ಹಾಕಬೇಡಿ. ಗೆದ್ದಲು, ಸೋರಿಕೆ ತಟ್ಟದ ಕಡೆ ಇಡಿ, ಸಾಧ್ಯವಾದರೆ ಒಂದು ಪ್ರತಿ ಸ್ಕ್ಯಾನ್ ಮಾಡಿಸಿ. ನಾಳೆ ನಮ್ಮ ಮರಿಮಕ್ಕಳ ಬಗ್ಗೆ ಊರು ಏನಾದರೂ ಅಂದರೆ, ಉತ್ತರ ಕೊಡಲು ನಾವು ಇರುವುದಿಲ್ಲ. ಈ ಪುಸ್ತಕಗಳು ಇರಬೇಕು.

ಸಂಘ ಚಿನ್ನದ ಹಬ್ಬವನ್ನೂ ಕಾಣಲಿ.