ಕಣ್ಣಿಲ್ಲದ ಅಸ್ತ್ರ, ಹೊಣೆಯಿಲ್ಲದ ಕೈ
(ಸೋಂಪುರದಲ್ಲಿ ಮಾಡಿದ ಭಾಷಣ)



ಕಾಡುಹಂದಿಗೆಂದು ಹೊಲದಂಚಿನಲ್ಲಿಟ್ಟ ಸಿಡಿಮದ್ದನ್ನು ನೆರೆಯವನ ಹಸು ಕಚ್ಚಿ ಸತ್ತರೆ, ಇಟ್ಟವನು ಆಗ ಊರಿನಲ್ಲಿರಲಿಲ್ಲವೆಂದ ಮಾತ್ರಕ್ಕೆ ಅವನ ಹೊಣೆ ತಪ್ಪೀತೇ? ತಪ್ಪದೆಂದು ಹಳ್ಳಿಯ ಪಂಚಾಯಿತರೂ ಬಲ್ಲರು. ಈ ಸರಳ ನ್ಯಾಯವು ಕಡಲಿನ ಮೇಲೆ ಹೇಗೆ ಜಾರಿಹೋಯಿತೆಂಬುದನ್ನು ಮೊದಲನೆಯ ಮಹಾಯುದ್ಧದ ಒಂದು ಜರ್ಮನ್ ಜಲಾಂತರ್ಗಾಮಿ ನೌಕೆಯ ಚರಿತ್ರೆಯಿಂದ ನಿವೇದಿಸಬಯಸುತ್ತೇವೆ.

ಅದರ ಹೆಸರು ಯು-73. 1915ರಲ್ಲಿ ಸೇವೆಗಿಳಿದ ಈ ನೌಕೆಯ ಮುಖ್ಯ ಕಾರ್ಯವು ಮೈನುಗಳೆಂಬ ಸಿಡಿಮದ್ದಿನ ಗೋಳಗಳನ್ನು ಹಡಗುಗಳ ಹಾದಿಯಲ್ಲಿ ಗುಪ್ತವಾಗಿ ಬಿತ್ತುವುದು. ತಳದ ಭಾರಕ್ಕೆ ತಂತಿಯಿಂದ ಬಿಗಿದ ಗೋಳವು ನೀರಿನ ಮೇಲ್ಮೈಗೆ ತುಸು ಕೆಳಗೆ ನಿಂತಿದ್ದು, ಹಡಗು ತಗುಲಿದೊಡನೆ ಸಿಡಿಯುತ್ತದೆ. 1916ರ ಏಪ್ರಿಲ್ 27ರಂದು ಮಾಲ್ಟಾದ ಬಳಿ ಈ ನೌಕೆಯ ಮೈನುಗಳಿಗೆ ಸಿಕ್ಕಿ ರಸೆಲ್ ಎಂಬ ಬ್ರಿಟಿಷ್ ಯುದ್ಧನೌಕೆ ಮುಳುಗಿತು. ನೂರಕ್ಕೂ ಮಿಕ್ಕಿ ಮಂದಿ ಮಡಿದರು. ಅಕ್ಟೋಬರಿನಲ್ಲಿ ಗ್ರೀಸಿನ ಕೀಯ ದ್ವೀಪದ ಬಳಿಯ ಜಲಸಂಧಿಯಲ್ಲಿ ಮೈನುಗಳನ್ನಿಟ್ಟು ಯು-73 ಹೊರಟುಹೋಯಿತು. ನವೆಂಬರ್ 21ರಂದು ಅಲ್ಲಿಗೆ ಬಂದದ್ದು ಗಾಯಾಳುಗಳನ್ನು ಕರೆತರಲು ಹೊರಟಿದ್ದ ಆಸ್ಪತ್ರೆಯ ಹಡಗು ಬ್ರಿಟಾನಿಕ್. ಐವತ್ತೈದು ನಿಮಿಷಗಳಲ್ಲಿ ಅದು ಮುಳುಗಿತು. ಸಾವಿರಕ್ಕೂ ಮೇಲ್ಪಟ್ಟು ಜನ ಬದುಕಿದರು. ಮೂವತ್ತು ಮಂದಿ ಅಸುನೀಗಿದರು. ಗುಂಡು ಹಾರಿಸುವವನಿಗೆ ಹಡಗಿನ ಮೇಲಿನ ಕೆಂಪು ಶಿಲುಬೆಯಾದರೂ ಕಂಡೀತು, ಮೈನಿಗೆ ಕಣ್ಣೆಲ್ಲಿ?

ಇದು ದೂರದ ಸುದ್ದಿಯೆಂದು ಭಾವಿಸಬೇಡಿರಿ. ಆ ಯುದ್ಧದಲ್ಲಿ ನಮ್ಮ ಮೈಸೂರಿನ ಅಶ್ವದಳವೂ ಕಡಲು ದಾಟಿ ಈಜಿಪ್ಟಿಗೆ ಹೋಗಿತ್ತು. 1917ರ ಫೆಬ್ರವರಿಯಲ್ಲಿ ವುಲ್ಫ್ ಎಂಬ ಜರ್ಮನ್ ಹಡಗು ವ್ಯಾಪಾರಿಯ ವೇಷದಲ್ಲಿ ಬಂದು ಬೊಂಬಾಯಿಯ ಎದುರಿಗೇ ಮೈನುಗಳನ್ನು ಬಿತ್ತಿತು. ಜೂನ್ 23ರಂದು ಮಂಗೋಲಿಯಾ ಎಂಬ ಪ್ರಯಾಣಿಕರ ಹಡಗು ಅದಕ್ಕೆ ಬಲಿಯಾಯಿತು. ಆ ಹೊತ್ತಿಗೆ ವುಲ್ಫ್ ನ್ಯೂಜಿಲೆಂಡಿನ ಬಳಿಯಲ್ಲಿತ್ತು!

ಇದನ್ನು ತಡೆಯಲು ಕಾನೂನು ಇರಲಿಲ್ಲವೇ? ಇತ್ತು. ಕೇವಲ ವ್ಯಾಪಾರದ ಹಡಗುಗಳನ್ನು ತಡೆಯುವುದಕ್ಕಾಗಿ ಶತ್ರುವಿನ ರೇವುಗಳೆದುರು ಮೈನುಗಳನ್ನು ಇಡಬಾರದೆಂದು 1907ರ ಹೇಗ್ ಒಪ್ಪಂದದ ಎರಡನೆಯ ವಿಧಿ ಹೇಳುತ್ತದೆ. ವಕೀಲರಾದ ನಾವು ಆ ‘ಕೇವಲ’ ಎಂಬ ಶಬ್ದದ ಬಲವನ್ನು ಬಲ್ಲೆವು. ಯುದ್ಧನೌಕೆಗಾಗಿಯೂ ಇಟ್ಟಿದ್ದೆವೆಂದು ನುಡಿದರೆ ಮುಗಿಯಿತು; ಅಪರಾಧಿಯು ನಿರಪರಾಧಿಯಾದನು! ಇಷ್ಟು ಸಡಿಲವಾದ ವಿಧಿಯನ್ನು ಸಹ ಜರ್ಮನಿ, ಫ್ರಾನ್ಸುಗಳು ಒಪ್ಪದೆ ಬಿಟ್ಟವು. ಜರ್ಮನಿಯೊಂದನ್ನೇ ದೂಷಿಸುವುದೂ ನ್ಯಾಯವಲ್ಲ. 1918ರಲ್ಲಿ ಅಮೆರಿಕ ಬ್ರಿಟನ್ನುಗಳು ಕೂಡಿ ಉತ್ತರ ಸಮುದ್ರದಲ್ಲಿ ಸುಮಾರು 70,000 ಮೈನುಗಳನ್ನು ಹರಡಿದುವು.

1918ರ ಅಕ್ಟೋಬರ್ 30ರಂದು, ಸೋಲು ಖಚಿತವಾದ ಮೇಲೆ, ಪೋಲಾ ರೇವಿನಲ್ಲಿ ಜರ್ಮನರೇ ಯು-73ನ್ನು ನಾಶಮಾಡಿದರು. ಹೇಗ್ ಒಪ್ಪಂದದ ಆ ‘ಕೇವಲ’ ಮಾತ್ರ ಇಂದಿಗೂ ಅಳಿದಿಲ್ಲ. ಯಾರಿಗಾಗಿ ಇಟ್ಟೆಯೆಂದು ಕೇಳುವ ಕಾನೂನು ಸಾಲದು. ಯಾರು ಸತ್ತರೆಂದು ಕೇಳುವ ಕಾನೂನು ಬೇಕು. ಉಪಾಧ್ಯಾಯ ಬಂಧುಗಳೇ, ಯುದ್ಧಗಳ ತಾರೀಖುಗಳನ್ನು ಕಲಿಸುವಾಗ ಈ ಪ್ರಶ್ನೆಯನ್ನೂ ಮಕ್ಕಳಿಗೆ ಕಲಿಸಿರೆಂದು ಪ್ರಾರ್ಥಿಸುತ್ತೇವೆ.