ಮದ್ಯವ್ಯಸನದಿಂದ ಚೇತರಿಕೆ: ಶಿಬಿರ ಮುಗಿದ ನಂತರದ ದಿನಗಳು

ಮದ್ಯವ್ಯಸನಕ್ಕೆ ವೈದ್ಯರು ಗುರುತಿಸಬಲ್ಲ ಒಂದು ನಿಶ್ಚಿತ ರೂಪವಿದೆ. ಮನೋವೈದ್ಯ ಗ್ರಿಫಿತ್ ಎಡ್ವರ್ಡ್ಸ್ ಮತ್ತು ಮಿಲ್ಟನ್ ಗ್ರಾಸ್ 1976ರಲ್ಲಿ ಅದನ್ನು 'ಮದ್ಯ ಅವಲಂಬನೆ' ಎಂಬ ಲಕ್ಷಣಗಳ ಗುಚ್ಛವಾಗಿ ವಿವರಿಸಿದರು. ವಿಶ್ವ ಆರೋಗ್ಯ ಸಂಸ್ಥೆ ರೋಗನಿರ್ಣಯಕ್ಕೆ ಕೊಟ್ಟ ಮಾನದಂಡಗಳು ಅಲ್ಲಿಂದಲೇ ಬೆಳೆದವು. ಕುಡಿಯಲೇಬೇಕೆಂಬ ತೀವ್ರ ತುಡಿತ, ಶುರು ಮಾಡಿದರೆ ಎಷ್ಟಕ್ಕೆ ನಿಲ್ಲಿಸಬೇಕೆಂಬ ಹತೋಟಿ ತಪ್ಪುವುದು, ಹಿಂದಿನಷ್ಟೇ ಅಮಲಿಗೆ ಇನ್ನೂ ಹೆಚ್ಚು ಬೇಕಾಗುವುದು, ಬಿಟ್ಟರೆ ಮೈ ನಡುಗುವುದು, ಮಿಕ್ಕೆಲ್ಲ ಆಸಕ್ತಿಗಳು ಹಿಂದೆ ಸರಿಯುವುದು, ಯಕೃತ್ತೂ ಸಂಸಾರವೂ ಹಾಳಾಗುತ್ತಿದೆ ಎಂದು ತಿಳಿದೂ ಮುಂದುವರಿಸುವುದು: ಈ ಆರರಲ್ಲಿ ಮೂರು ಒಂದು ವರ್ಷದೊಳಗೆ ಒಟ್ಟಿಗೆ ಕಂಡರೆ ಅದು ಅವಲಂಬನೆ. ಗುಣಹೀನತೆಯಾಗಲಿ, ಮನಸ್ಸು ಗಟ್ಟಿಯಿಲ್ಲದಿರುವುದಾಗಲಿ ಈ ಪಟ್ಟಿಯಲ್ಲಿಲ್ಲ. ಆದರೂ ಊರು, ಮನೆ, ಎಷ್ಟೋ ಸಲ ಆಸ್ಪತ್ರೆ ಕೂಡ ರೋಗಿಯನ್ನು ಆ ಎರಡರಿಂದಲೇ ಅಳೆಯುತ್ತವೆ.

ಕುಡಿಯುವವರೆಲ್ಲ ವ್ಯಸನಿಗಳಲ್ಲ. ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, 10ರಿಂದ 75 ವರ್ಷದವರಲ್ಲಿ ಮದ್ಯ ಸೇವಿಸುವವರು ಶೇ. 14.6, ಅಂದರೆ ಸುಮಾರು 16 ಕೋಟಿ. ಅವರಲ್ಲಿ ಸುಮಾರು 5.7 ಕೋಟಿ ಜನರಿಗೆ ಒಂದಲ್ಲ ಒಂದು ನೆರವು ಬೇಕು. ಇವರಲ್ಲೇ ಸುಮಾರು 2.9 ಕೋಟಿ ಜನ ಅವಲಂಬನೆಯ ಹಂತ ತಲುಪಿದವರು. ಅದೇ ಸಮೀಕ್ಷೆಯ ಇನ್ನೊಂದು ಅಂಕಿ ಹೆಚ್ಚು ಕಳವಳಕಾರಿ: ಅವಲಂಬಿತರಾದ ಪ್ರತಿ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿದೆ, ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು.

ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ತಿಂಗಳುಗಟ್ಟಲೆ, ವರ್ಷಗಟ್ಟಲೆ ಹೀಗೆ ತಗ್ಗಿಸುತ್ತಲೇ ಇದ್ದರೆ ಮಿದುಳು ತನ್ನ ಉದ್ರೇಕಕಾರಿ ವ್ಯವಸ್ಥೆಯನ್ನು ಏರಿಸಿಕೊಂಡು ಸಮತೋಲ ಕಾಯ್ದುಕೊಳ್ಳುತ್ತದೆ. ಮದ್ಯ ಥಟ್ಟನೆ ನಿಂತಾಗ ತಗ್ಗಿಸುವ ಶಕ್ತಿ ಇಲ್ಲವಾಗಿ, ಏರಿದ್ದು ಮಾತ್ರ ಉಳಿಯುತ್ತದೆ. ಬೆಳಿಗ್ಗೆ ಎದ್ದಾಗ ಕೈ ನಡುಗುವುದು ಇದರಿಂದ. ಕೊನೆಯ ಬಾರಿ ಕುಡಿದ ಆರೆಂಟು ಗಂಟೆಗಳಲ್ಲಿ ನಡುಕ, ಬೆವರು, ವಾಕರಿಕೆ ಶುರುವಾಗಿ ನಿದ್ದೆ ಹಾರಿಹೋಗುತ್ತದೆ. ಮೊದಲೆರಡು ದಿನಗಳಲ್ಲಿ ಕೆಲವರಿಗೆ ಫಿಟ್ಸ್ ಬರುತ್ತದೆ. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರು ಡೆಲಿರಿಯಂ ಟ್ರೆಮೆನ್ಸ್ ಎಂಬ ಸ್ಥಿತಿಗೆ ಜಾರುತ್ತಾರೆ. ಹೊತ್ತು, ಜಾಗದ ಪರಿವೆ ತಪ್ಪುತ್ತದೆ. ಗೋಡೆಯ ಮೇಲೆ ಹುಳಗಳು ಹರಿದಾಡಿದಂತೆ ಕಾಣುತ್ತದೆ. ಜ್ವರ, ಎದೆಬಡಿತ ಏರುತ್ತವೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು.

ಬೈಕಿನಿಂದ ಬಿದ್ದು ಮೂಳೆ ವಾರ್ಡಿಗೆ ಸೇರಿದವನು ಮೂರನೆಯ ರಾತ್ರಿ ಇಲ್ಲದವರ ಜೊತೆ ಮಾತಾಡತೊಡಗಿದರೆ, ಮನೆಯವರು ಗಾಳಿ ಸೋಕಿದೆ ಎಂದುಕೊಳ್ಳುತ್ತಾರೆ. ದೇವರ ಮುಂದೆ ಆಣೆ ಮಾಡಿಸಿ ಒಮ್ಮೆಲೇ ನಿಲ್ಲಿಸುವುದು, ಕೋಣೆಯಲ್ಲಿ ಕೂಡಿಹಾಕಿ ಬಿಡಿಸುವುದು ಪ್ರೀತಿಯಿಂದ ಮಾಡುವ ಕೆಲಸಗಳೇ. ಬೆಳಗಿನಿಂದಲೇ ಕುಡಿಯುವ, ಹಿಂದೊಮ್ಮೆ ಫಿಟ್ಸ್ ಬಂದಿರುವ ವ್ಯಕ್ತಿಗೆ ಅವು ಪ್ರಾಣಾಪಾಯ ತರುತ್ತವೆ. ಅಂಥವರಿಗೆ ಡಯಾಜೆಪಾಮ್ ಅಥವಾ ಕ್ಲೋರ್‌ಡಯಾಜೆಪಾಕ್ಸೈಡ್ ಕೊಟ್ಟು, ಒಂದು ವಾರದಷ್ಟು ಕಾಲ ಡೋಸ್ ಇಳಿಸುತ್ತಾ ಬರಬೇಕು. ಯಕೃತ್ತು ಕೆಟ್ಟಿದ್ದರೆ ಲೊರಾಜೆಪಾಮ್ ಸೂಕ್ತ. ಗ್ಲೂಕೋಸ್ ಡ್ರಿಪ್ ಹಾಕುವ ಮುನ್ನ ಥಯಮಿನ್, ಅಂದರೆ ವಿಟಮಿನ್ ಬಿ1, ಕೊಡುವುದನ್ನು ಮರೆತರೆ ನೆನಪಿನ ಶಕ್ತಿಗೆ ಶಾಶ್ವತ ಪೆಟ್ಟು ಬೀಳಬಹುದು. ಇವೆಲ್ಲ ಅಗ್ಗದ ಔಷಧಿಗಳು. ತಾಲ್ಲೂಕು ಆಸ್ಪತ್ರೆಯಲ್ಲೇ ಮಾಡಬಹುದಾದ ಚಿಕಿತ್ಸೆ.

ಹತ್ತು ದಿನದಲ್ಲಿ ದೇಹ ಮದ್ಯದಿಂದ ಬಿಡುಗಡೆ ಪಡೆಯುತ್ತದೆ. ಮನೆಯವರು ನಿಟ್ಟುಸಿರು ಬಿಡುತ್ತಾರೆ. ಬಹುಮಟ್ಟಿಗೆ ವ್ಯವಸ್ಥೆಯ ಗಮನವೂ ಇಲ್ಲಿಗೇ ಮುಗಿಯುತ್ತದೆ, ಚೇತರಿಕೆಯ ಕಠಿಣ ಭಾಗ ಆರಂಭವಾಗುವುದು ಇಲ್ಲಿಂದಲೇ ಆದರೂ. ಮದ್ಯ ಕೊಟ್ಟ ಸುಖವನ್ನು ಮಿದುಳು ಸಂದರ್ಭಗಳ ಜೊತೆ ಕಟ್ಟಿ ನೆನಪಿಟ್ಟುಕೊಂಡಿರುತ್ತದೆ: ಬಟವಾಡೆಯ ಶನಿವಾರ, ಸಂಜೆಯ ಹೊತ್ತು, ಒಬ್ಬ ಗೆಳೆಯ, ಒಂದು ಜಗಳ. ಆರು ತಿಂಗಳು ಮುಟ್ಟದವನಿಗೂ ಇವುಗಳಲ್ಲೊಂದು ಎದುರಾದಾಗ ತುಡಿತ ಮರಳುತ್ತದೆ. ಚಿಕಿತ್ಸೆಯ ನಂತರ ಒಂದು ವರ್ಷದೊಳಗೆ ಶೇ. 40ರಿಂದ 60ರಷ್ಟು ಜನರಲ್ಲಿ ವ್ಯಸನ ಮರುಕಳಿಸುತ್ತದೆ ಎಂದು 2000ದಲ್ಲಿ ಸಂಶೋಧಕ ಥಾಮಸ್ ಮೆಕ್‌ಲೆಲನ್ ಮತ್ತು ಸಂಗಡಿಗರು ಒಂದು ಬರಹದಲ್ಲಿ ತೋರಿಸಿದರು. ರಕ್ತದೊತ್ತಡ, ಅಸ್ತಮಾ ರೋಗಿಗಳ ಮರುಕಳಿಕೆಯ ಪ್ರಮಾಣ ಇದಕ್ಕಿಂತ ಕಡಿಮೆಯೇನಿಲ್ಲ ಎಂಬುದೂ ಅದೇ ಬರಹದಲ್ಲಿದೆ. ಬಿ.ಪಿ. ಮತ್ತೆ ಏರಿದವನಿಗೆ ವೈದ್ಯರು ಮಾತ್ರೆ ಬದಲಿಸಿ ಕೊಡುತ್ತಾರೆ. ಮತ್ತೆ ಕುಡಿದು ಬಂದವನಿಗೆ ಬಾಗಿಲು ತೋರಿಸಲಾಗುತ್ತದೆ. ಇದು ನ್ಯಾಯವಲ್ಲ, ಒಳ್ಳೆಯ ವೈದ್ಯವೂ ಅಲ್ಲ.

ಮರುಕಳಿಕೆ ತಡೆಯಲು ಔಷಧಿಗಳಿವೆ. ನ್ಯಾಲ್‌ಟ್ರೆಕ್ಸೋನ್ ಕುಡಿತದ ಸುಖವನ್ನು ಕುಗ್ಗಿಸುತ್ತದೆ, ಅಕಾಂಪ್ರೊಸೇಟ್ ಕುಡಿಯದೆ ಇರಲು ನೆರವಾಗುತ್ತದೆ. ಡೈಸಲ್ಫಿರಾಮ್ ನುಂಗಿದವನು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿಯುತ್ತದೆ. ಹೀಗಾಗುತ್ತದೆ ಎಂದು ತಿಳಿದು ಒಪ್ಪಿದವರಿಗಷ್ಟೇ ಅದನ್ನು ಕೊಡಬೇಕು. 'ಅವರಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಿ' ಎಂಬ ಸಲಹೆ ಯಾರ ಬಾಯಿಂದ ಬಂದರೂ ಅಪಾಯಕಾರಿ. ಅಂಥ ಜಾಹೀರಾತಿನ ಪುಡಿಗಳೂ ಅಷ್ಟೇ.

ಪರಿಸರದ ಪಾತ್ರವನ್ನು ತೋರಿದ ಅಧ್ಯಯನಗಳಲ್ಲಿ ಲೀ ರಾಬಿನ್ಸ್ 1970ರ ದಶಕದಲ್ಲಿ ಅಮೆರಿಕದ ಸೈನಿಕರ ಬಗ್ಗೆ ಮಾಡಿದ್ದು ಮುಖ್ಯವಾದುದು. ವಿಯೆಟ್ನಾಮಿನಲ್ಲಿ ಹೆರಾಯಿನ್‌ಗೆ ಅಂಟಿಕೊಂಡಿದ್ದವರಲ್ಲಿ ಊರಿಗೆ ಮರಳಿದ ಮೂರು ವರ್ಷಗಳಲ್ಲಿ ಮತ್ತೆ ವ್ಯಸನಿಗಳಾದವರು ಶೇ. 12ರಷ್ಟು ಮಾತ್ರ. ವ್ಯಸನ ಅಂಟಿದ ಜಾಗವನ್ನು ಅವರು ಸಾವಿರಾರು ಮೈಲಿ ಹಿಂದೆ ಬಿಟ್ಟು ಬಂದಿದ್ದರು. ಮದ್ಯ ಬಿಡಿಸುವ ಶಿಬಿರ ಮುಗಿಸಿದ ಕೂಲಿಕಾರನಿಗೆ ಆ ಅದೃಷ್ಟವಿಲ್ಲ. ಅವನು ಮರಳುವುದು ಅದೇ ಬೀದಿಗೆ, ಅದೇ ಸಾಲಕ್ಕೆ. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿ ನಿಷೇಧವಾಯಿತು. ಅದರ ಜಾಗಕ್ಕೆ ಅಗ್ಗದ ವಿಸ್ಕಿ, ರಮ್ ಬಂದವು. 2019ರ ಜನವರಿಯಲ್ಲಿ ಸಾವಿರಾರು ಹಳ್ಳಿ ಹೆಂಗಸರು ಮದ್ಯನಿಷೇಧ ಕೇಳಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದು ಬಂದರು. ಸಂಪೂರ್ಣ ನಿಷೇಧದ ಬಗ್ಗೆ ಭಿನ್ನಾಭಿಪ್ರಾಯ ಇರಬಹುದು. ಆದರೆ ಕಿರಾಣಿ ಅಂಗಡಿಯಲ್ಲೂ ಮದ್ಯ ಸಿಗುವ ಹಳ್ಳಿಯಲ್ಲಿ ಬಿಟ್ಟವನು ಬಿಟ್ಟೇ ಇರುವುದು ಎಷ್ಟು ಕಷ್ಟ ಎಂಬುದನ್ನು ಆ ಹೆಂಗಸರಷ್ಟು ಬಲ್ಲವರಿಲ್ಲ.

ಆದ್ದರಿಂದ ಸಂಗಾತ ಬೇಕು. 1935ರಲ್ಲಿ ಅಮೆರಿಕದ ಆಕ್ರನ್ ಊರಿನಲ್ಲಿ ಇಬ್ಬರು ವ್ಯಸನಿಗಳ ಭೇಟಿಯಿಂದ ಹುಟ್ಟಿದ ಆಲ್ಕೊಹಾಲಿಕ್ಸ್ ಅನಾನಿಮಸ್ ಕಂಡುಕೊಂಡದ್ದು ಇದನ್ನೇ: ಬಿಟ್ಟವನ ಮಾತನ್ನು ಬಿಡಲು ಹೊರಟವನು ಕೇಳುತ್ತಾನೆ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರಗಳು ಊರಿನ ನಡುವೆಯೇ, ಊರವರ ಎದುರಿಗೇ ನಡೆಯುತ್ತವೆ. ಶಿಬಿರದ ನಂತರ ನವಜೀವನ ಸಮಿತಿಗಳು ಬಿಟ್ಟವರನ್ನು ಒಟ್ಟಿಗೆ ಹಿಡಿದಿಡಲು ಯತ್ನಿಸುತ್ತವೆ. ಶಿಬಿರದ ದಿನಗಳಿಗಿಂತ ಈ ಎರಡನೆಯ ಕೆಲಸಕ್ಕೇ ಸಂಶೋಧಕರ ಗಮನ ಹೆಚ್ಚು ಸಲ್ಲಬೇಕು.

ಅವಲಂಬನೆಗೆ ಮೊದಲೇ ತಡೆಯುವ ದಾರಿ ಗೋವಾದಲ್ಲಿ ಕಂಡಿದೆ. ಅಲ್ಲಿನ ಸಂಗಾತ್ ಸಂಸ್ಥೆ ವೈದ್ಯಕೀಯ ಪದವಿಯಿಲ್ಲದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬಂದ ಹಾನಿಕಾರಕ ಮಟ್ಟದ ಕುಡಿತಗಾರರೊಡನೆ ಹೆಚ್ಚೆಂದರೆ ನಾಲ್ಕು ಬಾರಿ ಆಪ್ತಸಮಾಲೋಚನೆ ನಡೆಸಿತು. ಮೂರು ತಿಂಗಳ ನಂತರ ಸಮಸ್ಯೆಯಿಂದ ಹೊರಬಂದವರು ಶೇ. 36, ಮಾಮೂಲಿ ಆರೈಕೆ ಪಡೆದ ಗುಂಪಿನಲ್ಲಿ ಶೇ. 26. ಕರ್ನಾಟಕದಲ್ಲಿ ಆಶಾ ಕಾರ್ಯಕರ್ತೆಯರಿದ್ದಾರೆ, ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಿದೆ, ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರದ ಪರಿಣತಿಯಿದೆ, 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮದ್ಯ ಮತ್ತು ಮಾದಕವಸ್ತು ದುರ್ಬಳಕೆಗೆ ಸಂಬಂಧಿಸಿದ ಸ್ಥಿತಿಗಳನ್ನು ಮಾನಸಿಕ ಕಾಯಿಲೆಯ ವ್ಯಾಖ್ಯೆಯೊಳಗೆ ಸೇರಿಸಿರುವುದರಿಂದ ಚಿಕಿತ್ಸೆ ರೋಗಿಯ ಹಕ್ಕು. ಆಸ್ಪತ್ರೆಯಿಂದ ಮನೆಗೆ ಹೋದವನನ್ನು ಎರಡನೆಯ ವಾರ, ಎರಡನೆಯ ತಿಂಗಳು, ಆರನೆಯ ತಿಂಗಳು ಹೆಸರು ಹಿಡಿದು ವಿಚಾರಿಸುವ ಹೊಣೆ ಇವರಲ್ಲಿ ಯಾರದು ಎಂಬುದು ಚರ್ಚೆಯಾಗಬೇಕು.

ಕುಡಿಯುವ ಹೆಂಗಸರ ಮಾತು ಇನ್ನೂ ಬಾಕಿ. 2019ರ ಸಮೀಕ್ಷೆಯಲ್ಲಿ ಮದ್ಯ ಸೇವಿಸುವ ಗಂಡಸರು ಶೇ. 27.3, ಹೆಂಗಸರು ಶೇ. 1.6. ಸಂಖ್ಯೆ ಸಣ್ಣದಾದ್ದರಿಂದ ವಾರ್ಡುಗಳೂ ಶಿಬಿರಗಳೂ ಗಂಡಸರಿಗೆ ಹೊಂದುವಂತೆಯೇ ಬೆಳೆದಿವೆ, ಅವಮಾನದ ಭಯದಲ್ಲಿ ಹೆಂಗಸರು ತಡವಾಗಿ ಬರುತ್ತಾರೆ. ವ್ಯಸನಿಯ ಹೆಂಡತಿಯೂ ರೋಗಿಯ ಜೊತೆ ಬಂದವಳಾಗಿಯೇ ಉಳಿಯುತ್ತಾಳೆ; ಅವಳ ನಿದ್ದೆ, ಖಿನ್ನತೆ, ಮೈಮೇಲಿನ ಗಾಯದ ಬಗ್ಗೆ ಅದೇ ಭೇಟಿಯಲ್ಲಿ, ಗಂಡನನ್ನು ಹೊರಗೆ ಕೂರಿಸಿ, ಪ್ರತ್ಯೇಕವಾಗಿ ಕೇಳುವ ಪದ್ಧತಿ ಎಲ್ಲ ಕೇಂದ್ರಗಳಲ್ಲೂ ಬರಬೇಕಿದೆ.