ಕೊಳವೆಯೊಳಗಿನ ದೋಷ, ಹಳ್ಳದೊಳಗಿನ ಕ್ಷಾರ



ಹಾಲಿನ ಡೈರಿಯ ಕೆಳಗಿನ ಹಳ್ಳದಲ್ಲಿ ನೊರೆ ಕಾಣಿಸಿಕೊಂಡರೆ ಊರಿನವರು ತ್ಯಾಜ್ಯ ನೀರು ಬೀಳುವ ಕೊಳವೆಯ ಬಾಯಿಯಲ್ಲಿ ನಿಂತು ಪ್ರಶ್ನಿಸುತ್ತಾರೆ. ಡೈರಿಯವರು ಪಿಎಚ್ ಅಳೆದ ದಾಖಲೆಯನ್ನು ತೋರಿಸುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತದೆ. ಆದರೆ ಆ ನೊರೆಯ ಮೂಲವನ್ನು ಹುಡುಕಬೇಕಾದ ಸ್ಥಳ ಅನೇಕ ವೇಳೆ ಗೋಡೆಯ ಒಳಗಡೆ, ಯಂತ್ರಗಳನ್ನು ತೊಳೆಯುವ ವ್ಯವಸ್ಥೆಯಲ್ಲಿರುತ್ತದೆ. ಪರಿಸರದ ಕುರಿತು ಕಾಳಜಿಯುಳ್ಳವರು ಅದನ್ನು ತಕ್ಕಮಟ್ಟಿಗಾದರೂ ಅರಿಯುವುದು ಅವಶ್ಯ.

ಹಾಲು ಹರಿಯುವ ಉಕ್ಕಿನ ಕೊಳವೆ, ತೊಟ್ಟಿ, ಪಾಶ್ಚರೀಕರಣ ಯಂತ್ರ ಇವುಗಳನ್ನು ದಿನವೂ ಬಿಚ್ಚಿ ತಿಕ್ಕುವುದು ಅಸಾಧ್ಯ. ಆದ್ದರಿಂದ ಇದ್ದಲ್ಲಿಯೇ ನೀರು, ಕಾಸ್ಟಿಕ್ ಸೋಡಾ ಮತ್ತು ಆಮ್ಲಗಳನ್ನು ಒಂದಾದ ಮೇಲೊಂದರಂತೆ ಹರಿಯಿಸುತ್ತಾರೆ. ಇದನ್ನೇ ಡೈರಿಗಳಲ್ಲಿ ‘ಸಿಐಪಿ’ ಎನ್ನುವರು. ಇದರ ತತ್ತ್ವ ಮಲೆನಾಡಿನ ಅಡುಗೆಮನೆಗೆ ಅಪರಿಚಿತವಲ್ಲ. ಜಿಡ್ಡಿಗೆ ಒಲೆಯ ಬೂದಿ, ಹಂಡೆಯೊಳಗೆ ಕಟ್ಟಿದ ಬಿಳಿಯ ಪದರಕ್ಕೆ ಹುಣಸೆಹುಳಿ. ಬೂದಿಯ ಕೆಲಸವನ್ನು ಡೈರಿಯಲ್ಲಿ ಶೇ. 1ರಿಂದ 1.5ರಷ್ಟು ಕಾಸ್ಟಿಕ್ ದ್ರಾವಣ 75ರಿಂದ 80 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮಾಡುತ್ತದೆ. ಕೊಬ್ಬು ಮತ್ತು ಪ್ರೋಟೀನು ಕರಗುತ್ತವೆ. ಹುಳಿಯ ಕೆಲಸವನ್ನು ಶೇ. 0.5ರಿಂದ 1ರಷ್ಟು ನೈಟ್ರಿಕ್ ಆಮ್ಲ ಮಾಡುತ್ತದೆ. ಕ್ಯಾಲ್ಸಿಯಂ ಫಾಸ್ಫೇಟಿನಿಂದಾದ ಹಾಲುಗಲ್ಲು ಬಿಡುತ್ತದೆ.

ತೊಳೆದ ಮೇಲೂ ಕೊಳವೆಯಲ್ಲಿ ಪದರ ಉಳಿದರೆ, ಪರೀಕ್ಷೆಯಲ್ಲಿ ಸೂಕ್ಷ್ಮಾಣುಗಳ ಸಂಖ್ಯೆ ಏರಿದರೆ, ಮೇಲ್ವಿಚಾರಕರಿಗೆ ಮೊದಲು ಹೊಳೆಯುವ ಉಪಾಯ ಒಂದೇ: ಕಾಸ್ಟಿಕ್ ಹೆಚ್ಚಿಸುವುದು. ಅನರ್ಥದ ಆರಂಭ ಇಲ್ಲಿಯೇ. ಶುದ್ಧೀಕರಣವು ಕಾಲ, ಉಷ್ಣತೆ, ರಾಸಾಯನಿಕದ ಪ್ರಮಾಣ ಮತ್ತು ಹರಿವಿನ ಉಜ್ಜುವಿಕೆ ಎಂಬ ನಾಲ್ಕು ಅಂಶಗಳ ಸಂಯುಕ್ತ ಫಲವೆಂದು ಜರ್ಮನಿಯ ಹರ್ಬರ್ಟ್ ಸಿನ್ನರ್ ನಿರೂಪಿಸಿ ಅರ್ಧ ಶತಮಾನಕ್ಕೂ ಹೆಚ್ಚಾಯಿತು. ಒಂದು ಅಂಶ ಕುಗ್ಗಿದಾಗ ಮತ್ತೊಂದನ್ನು ಹಿಗ್ಗಿಸಿ ಸ್ವಲ್ಪಮಟ್ಟಿಗೆ ಸರಿದೂಗಿಸಬಹುದು, ನಿಜ. ಆದರೆ ಹರಿವೇ ತಲುಪದ ಮೂಲೆಯನ್ನು ಎಷ್ಟು ಕಾಸ್ಟಿಕ್ ಸುರಿದರೂ ತೊಳೆಯಲಾಗದು.

ಹರಿವಿನ ವಿಷಯವನ್ನೇ ನೋಡೋಣ. ಕೊಳವೆಯಲ್ಲಿ ದ್ರಾವಣ ಸೆಕೆಂಡಿಗೆ ಕನಿಷ್ಠ 1.5 ಮೀಟರ್ ವೇಗದಲ್ಲಿ ಹರಿಯಬೇಕೆಂಬುದು ಉದ್ಯಮದಲ್ಲಿ ರೂಢಿಗೊಂಡ ಅಳತೆ. ಎರಡಂಗುಲದ ಕೊಳವೆಗೆ ಇದು ಗಂಟೆಗೆ ಸುಮಾರು 10,000 ಲೀಟರ್ ಆಗುತ್ತದೆ. ಡೈರಿ ಬೆಳೆದು ಮೂರಂಗುಲದ ಕೊಳವೆ ಜೋಡಿಸಿ, ಹಳೆಯ ಪಂಪನ್ನೇ ಉಳಿಸಿಕೊಂಡರೆ ವೇಗ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ತೊಟ್ಟಿಯೊಳಗಿನ ಸ್ಪ್ರೇ ಬಾಲ್‌ನ ರಂಧ್ರಗಳಲ್ಲಿ ಗ್ಯಾಸ್ಕೆಟ್ಟಿನ ಚೂರು ಸಿಕ್ಕಿಕೊಂಡರೆ ಕಲಕುವ ಯಂತ್ರದ ಹಿಂಬದಿ ಒಣಗಿಯೇ ಉಳಿಯುತ್ತದೆ. ಹಿಂದೆಂದೋ ತೆಗೆದುಹಾಕಿದ ಯಂತ್ರದ ಕವಲು ಕೊಳವೆ, ಬಾಯಿ ಮುಚ್ಚಿದ ಸ್ಥಿತಿಯಲ್ಲಿ ಹಾಗೆಯೇ ಚಾಚಿಕೊಂಡಿದ್ದರೆ ಅದರೊಳಗೆ ಹಾಲು ಹುಳಿಯುತ್ತಿರುತ್ತದೆ. ಇವೆಲ್ಲ ಸ್ಪ್ಯಾನರ್ ಹಿಡಿದು ಸರಿಪಡಿಸುವ ದೋಷಗಳು.

ಉಷ್ಣತೆಯದು ಇನ್ನೊಂದು ಬಗೆ. ದ್ರಾವಣದ ತೊಟ್ಟಿಯಲ್ಲಿ 80 ಡಿಗ್ರಿ ಇದ್ದ ಮಾತ್ರಕ್ಕೆ ಉದ್ದನೆಯ ಕೊಳವೆ ಸುತ್ತಿ ಮರಳುವಾಗಲೂ ಅಷ್ಟೇ ಇರುವುದಿಲ್ಲ. ಮಲೆನಾಡಿನ ಮಳೆಗಾಲದ ಬೆಳಗುಗಳಲ್ಲಂತೂ ಇರದು. ಅಳೆಯಬೇಕಾದದ್ದು ಮರಳಿ ಬರುವ ಕೊಳವೆಯಲ್ಲಿ.

ದ್ರಾವಣದ ಸಾಂದ್ರತೆಯನ್ನು ಸಾಮಾನ್ಯವಾಗಿ ವಿದ್ಯುತ್ ವಾಹಕತೆಯ ಮಾಪಕದಿಂದ ತಿಳಿಯುತ್ತಾರೆ. ಆ ಮಾಪಕದ ಆಜ್ಞೆಯಂತೆ ವಾಲ್ವ್ ತಿರುಗಿ ಕಾಸ್ಟಿಕ್ಕನ್ನು ತೊಟ್ಟಿಗೂ ನೀರನ್ನು ಚರಂಡಿಗೂ ಕಳಿಸುತ್ತದೆ. ಮಾಪಕದ ಮೇಲೆ ಪದರ ಕಟ್ಟಿದರೆ ಮರುಬಳಕೆಗೆ ಯೋಗ್ಯವಾದ ಕಾಸ್ಟಿಕ್ ‘ನೀರು’ ಎಂಬ ಲೆಕ್ಕದಲ್ಲಿ ಚರಂಡಿಗೆ ಹೋಗುತ್ತದೆ, ಯಾರೂ ತಿಳಿಯರು. ಇದಕ್ಕೆ ವಿರುದ್ಧವಾದ ಮೋಸವೂ ಉಂಟು. ಪದೇ ಪದೇ ಬಳಸಿದ ಕಾಸ್ಟಿಕ್ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಕಾರ್ಬೊನೇಟ್ ಆಗುತ್ತದೆ. ಕಾರ್ಬೊನೇಟೂ ವಿದ್ಯುತ್ತನ್ನು ಒಯ್ಯುವುದರಿಂದ ಮಾಪಕ ಸಮಾಧಾನದಿಂದಿರುತ್ತದೆ, ಕೊಳವೆ ಮಾತ್ರ ಕೊಳೆಯಾಗಿಯೇ ಇರುತ್ತದೆ. ಪ್ರಯೋಗಾಲಯದಲ್ಲಿ ಹತ್ತು ನಿಮಿಷದ ಟೈಟ್ರೇಷನ್ ಮಾಡಿದರೆ ಸತ್ಯ ಹೊರಬೀಳುತ್ತದೆ. ಹತ್ತು ನಿಮಿಷ ಉಳಿಸಲು ಚೀಲಗಟ್ಟಲೆ ಕಾಸ್ಟಿಕ್ ಸುರಿಯುವುದು ವಿಚಿತ್ರ ಮಿತವ್ಯಯ.

ಕಣ್ಣಿಗೆ ಬಿದ್ದ ದೋಷವೇ ಮೂಲದೋಷವಾಗಿರಬೇಕಿಲ್ಲ ಎಂಬುದಕ್ಕೆ ಜಪಾನಿನ ಉದಾಹರಣೆಯಿದೆ. 2000ದಲ್ಲಿ ಸ್ನೋ ಬ್ರ್ಯಾಂಡ್ ಕಂಪನಿಯ ಕಡಿಮೆ ಕೊಬ್ಬಿನ ಹಾಲು ಕುಡಿದು 13,000ಕ್ಕೂ ಅಧಿಕ ಜನ ಅಸ್ವಸ್ಥರಾದರು. ಸಂಶಯ ಮೊದಲು ಒಸಾಕಾ ಘಟಕದ ಸರಿಯಾಗಿ ತೊಳೆಯದ ವಾಲ್ವ್ ಒಂದರ ಮೇಲೆ ಬಿತ್ತು. ವಿಷವಿದ್ದದ್ದು ಹೊಕ್ಕೈಡೊದ ಇನ್ನೊಂದು ಘಟಕದಿಂದ ಬಂದ ಹಾಲಿನ ಪುಡಿಯಲ್ಲಿ ಎಂಬುದು ಅನಂತರ ತಿಳಿಯಿತು. ಅಲ್ಲಿ ವಿದ್ಯುತ್ ಕಡಿತವಾದಾಗ ಬೆಚ್ಚಗೆ ಉಳಿದ ಹಾಲಿನಲ್ಲಿ ಬ್ಯಾಕ್ಟೀರಿಯಾ ಬೆಳೆದು, ಕಾಯಿಸಿದರೂ ನಾಶವಾಗದ ವಿಷವನ್ನು ಬಿಟ್ಟುಹೋಗಿತ್ತು.

ಇನ್ನು ಹಳ್ಳದ ಮಾತು. ಚರಂಡಿಗೆ ಹೋದ ಕ್ಷಾರಕ್ಕೆ ಆಮ್ಲ ಸೇರಿಸಿ ಪಿಎಚ್ ಸರಿಪಡಿಸುವುದು ಸುಲಭ. ಒಳನಾಡಿನ ಜಲಮೂಲಗಳಿಗೆ ಬಿಡುವ ತ್ಯಾಜ್ಯದ ಸಾಮಾನ್ಯ ಮಾನದಂಡ 5.5ರಿಂದ 9.0, ಆ ಮಿತಿಯೊಳಗೆ ತರಬಹುದು. ಆದರೆ ಸೋಡಿಯಂ ಎಲ್ಲಿಗೂ ಹೋಗುವುದಿಲ್ಲ. ಶೇ. 1ರ 1,000 ಲೀಟರ್ ದ್ರಾವಣದಲ್ಲಿ 10 ಕಿಲೊ ಕಾಸ್ಟಿಕ್, ಅದರಲ್ಲಿ ಸುಮಾರು 5.75 ಕಿಲೊ ಸೋಡಿಯಂ. ಪಿಎಚ್ ಏಳಾದ ಮೇಲೂ ಅಷ್ಟೂ ಸೋಡಿಯಂ ನೀರಿನಲ್ಲಿಯೇ ಇದ್ದು, ಹಳ್ಳಕ್ಕೆ ಒಡ್ಡು ಕಟ್ಟಿ ನೀರುಣಿಸುವ ಅಡಿಕೆ ತೋಟಕ್ಕೆ ಇಳಿಯುತ್ತದೆ. ಸೋಡಿಯಂ ಹೆಚ್ಚಿದ ಮಣ್ಣಿನಲ್ಲಿ ಜೇಡಿಯ ಕಣಗಳು ಚದುರಿ ರಂಧ್ರಗಳು ಮುಚ್ಚುತ್ತವೆ. ನೀರು ಇಂಗದು, ಬೇರಿಗೆ ಗಾಳಿಯಾಡದು. ಮಳೆಗಾಲದಲ್ಲಿ ತೊಳೆದುಹೋಗುವ ಉಪ್ಪು, ಹಳ್ಳ ಸೊರಗಿ ತೋಟಕ್ಕೆ ನೀರು ಹಾಯಿಸುವ ತಿಂಗಳುಗಳಲ್ಲಿ ಶೇಖರವಾಗುತ್ತದೆ.

ಹಾಲು ಉತ್ಪಾದಕರ ಸಂಘದ ಸದಸ್ಯರೂ ಹಳ್ಳದ ಕೆಳಗಿನ ತೋಟದವರೂ ಬಹುಪಾಲು ಒಂದೇ ಜನ. ಹೊರಗೆ ನಿಂತು ಘೋಷಣೆ ಕೂಗುವುದಕ್ಕಿಂತ ಸಂಘದ ವಾರ್ಷಿಕ ಸಭೆಯಲ್ಲಿ ಎದ್ದು ನಿಲ್ಲುವುದಕ್ಕೆ ಅವರಿಗೆ ಅಧಿಕಾರವಿದೆ. ಸಾವಿರ ಲೀಟರ್ ಹಾಲಿಗೆ ಎಷ್ಟು ಕಿಲೊ ಕಾಸ್ಟಿಕ್ ಖರ್ಚಾಗಿದೆ, ಹಿಂದಿನ ವರ್ಷ ಎಷ್ಟಿತ್ತು ಎಂದು ಕೇಳಬೇಕು. ಲೆಕ್ಕ ಏರಿದ್ದರೆ ಮರಳುವ ದ್ರಾವಣದ ಉಷ್ಣತೆಯ ದಾಖಲೆ, ಟೈಟ್ರೇಷನ್ ಪುಸ್ತಕ ಮತ್ತು ವಾಹಕತೆಯ ಮಾಪಕವನ್ನು ಕೊನೆಯ ಬಾರಿ ಪರೀಕ್ಷಿಸಿದ ದಿನಾಂಕ ಕೇಳಬೇಕು. ಹಳ್ಳದ ನೀರು ಇಳಿಯುವ ಮೊದಲೇ, ಜನವರಿಯೊಳಗೆ ಉತ್ತರ ಬರುವಂತೆ ನೋಡಿಕೊಳ್ಳಬೇಕು.